ಮೆಡಾನ್‌ಗೆ ಬರುವವರಿಗೆ: ಮೊದಲು ಹೊಳೆ ನೋಡಿ, ಆಮೇಲೆ ಮನೆ ನೋಡಿ

"ಅಕ್ಕ, ದೇವಸ್ಥಾನಕ್ಕೆ ನಡೆದು ಹೋಗುವಷ್ಟು ಹತ್ತಿರ ಒಂದು ಮನೆ ನೋಡಿದ್ದೇವೆ. ಹಿಂದೆ ಹೊಳೆ. ಗಾಳಿ ಚೆನ್ನಾಗಿ ಬರುತ್ತೆ, ಬಾಡಿಗೆನೂ ಕಮ್ಮಿ. ಮುಂಗಡ ಕೊಟ್ಟುಬಿಡಲಾ?"

ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿರುವ ಮೆಡಾನ್‌ಗೆ ಹೊಸದಾಗಿ ಬಂದ ಕನ್ನಡದವರಿಂದ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಲವೂ ನಾನು ತಿರುಗಿ ಕೇಳುವುದು ಒಂದೇ: ಮನೆಯನ್ನು ಯಾವ ತಿಂಗಳಲ್ಲಿ ನೋಡಿದಿರಿ? ಜೂನ್, ಜುಲೈ ಅಂದರೆ ದಯವಿಟ್ಟು ಇನ್ನೂ ದುಡ್ಡು ಕೊಡಬೇಡಿ. ಹೊಳೆ ದಂಡೆಯ ಮನೆಯನ್ನು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಒಂದು ಸಲವಾದರೂ ನೋಡಬೇಕು. ಅದೂ ರಾತ್ರಿಯಿಡೀ ಮಳೆ ಸುರಿದ ಮರುದಿನ ಬೆಳಿಗ್ಗೆ ನೋಡಬೇಕು.

ನಾವು ಇಲ್ಲಿಗೆ ಬಂದದ್ದು 2012ರಲ್ಲಿ. ಯಜಮಾನರಿಗೆ ತಾಳೆ ಎಣ್ಣೆ ವ್ಯವಹಾರದಲ್ಲಿ ಕೆಲಸ ಸಿಕ್ಕಿತ್ತು. ಆಗ ವಿಮಾನ ಊರಿನ ನಡುವೆ, ಪೊಲೋನಿಯಾದಲ್ಲೇ ಇಳಿಯುತ್ತಿತ್ತು. ಮನೆಗಳ ಹೆಂಚು ಲೆಕ್ಕ ಹಾಕಬಹುದು ಅನ್ನುವಷ್ಟು ಕೆಳಗೆ ಹಾರುತ್ತಿತ್ತು. ಮರುವರ್ಷ ಜುಲೈನಲ್ಲಿ ವಿಮಾನ ನಿಲ್ದಾಣ ಕುಆಲಾನಾಮುಗೆ ಹೋಯಿತು. ಅದಾದ ಮೇಲೆ ಊರೊಳಗೆ ಎತ್ತರದ ಕಟ್ಟಡಗಳು ಏಳಲು ಶುರುವಾದವು. ಹೊಳೆ ದಂಡೆಯ ಜಾಗಕ್ಕೆ ದಲ್ಲಾಳಿಗಳು "ರಿವರ್ ವ್ಯೂ" ಅಂತ ಹೆಸರಿಟ್ಟು ಮಾರತೊಡಗಿದ್ದನ್ನೂ ಕಣ್ಣಾರೆ ನೋಡಿದೆ.

ಈ ಊರು ಹುಟ್ಟಿದ್ದೇ ಹೊಳೆ ದಂಡೆಯಲ್ಲಿ. ಡೆಲಿ ಮತ್ತು ಬಾಬುರಾ ಎಂಬ ಎರಡು ಹೊಳೆಗಳು ಸೇರುವ ಕಡೆ ಗುರು ಪತಿಂಪುಸ್ ಎಂಬ ಕರೋ ಜನಾಂಗದ ಮುಖಂಡ ಊರು ಕಟ್ಟಿದ ಎಂದು ಹೇಳುತ್ತಾರೆ. ಪಾಲಿಕೆ ಊರಿನ ಹುಟ್ಟುಹಬ್ಬವನ್ನು 1590ರ ಜುಲೈ 1 ಎಂದೇ ಆಚರಿಸುತ್ತದೆ. 1863ರಲ್ಲಿ ನೀನ್‌ಹೈಸ್ ಎಂಬ ಡಚ್ಚರವನು ಬಂದು ಹೊಗೆಸೊಪ್ಪಿನ ತೋಟ ಶುರುಮಾಡಿದ. ಆ ತೋಟಗಳಿಗೆ ಕೂಲಿಗೆಂದು ಚೀನೀಯರು, ಜಾವಾದವರು, ತಮಿಳರು ಬಂದರು. ತಮಿಳರು ಬಾಬುರಾ ದಂಡೆಯಲ್ಲಿ ನೆಲೆ ನಿಂತ ಕೇರಿಯೇ ಇವತ್ತಿನ ಕಾಂಪುಂಗ್ ಮದ್ರಾಸ್. ಅಲ್ಲಿನ ಶ್ರೀ ಮಾರಿಯಮ್ಮನ್ ಗುಡಿ 1884ರದ್ದು. ಕೇರಿಯ ಹಳೆಯ ಹೆಸರು ಕಾಂಪುಂಗ್ ಕೆಲಿಂಗ್. ಟ್ಯಾಕ್ಸಿಯವರು ಈಗಲೂ ಹಾಗೆ ಅನ್ನುತ್ತಾರೆ, ಆದರೆ ನೀವು ಅನ್ನಬೇಡಿ. 'ಕೆಲಿಂಗ್' ಅನ್ನುವ ಮಾತು ಅಲ್ಲಿನ ಹಿರಿಯರ ಮನಸ್ಸಿಗೆ ನೋವು ಕೊಡುತ್ತದೆ.

ಹೊಸಬರು ಇದೇ ಸುತ್ತಮುತ್ತ ಮನೆ ಹುಡುಕುವುದು ಸಹಜ. ಕಾಂಪುಂಗ್ ಮದ್ರಾಸ್, ಪೆತಿಸಾ, ಪೊಲೋನಿಯಾ, ಸ್ವಲ್ಪ ತೆಂಕಕ್ಕೆ ವಿಶ್ವವಿದ್ಯಾಲಯ ಇರುವ ಪಾದಾಂಗ್ ಬುಲಾನ್. ಬೇಳೆ, ಉದ್ದು, ಕರಿಬೇವು ಇಲ್ಲೇ ಸಿಗುತ್ತವೆ. ಭಾರತದ ಕಾನ್ಸುಲೇಟ್ ಇದೇ ಊರಲ್ಲಿದೆ. ಪಾಸ್‌ಪೋರ್ಟ್ ಕೆಲಸಕ್ಕೆ ಜಕಾರ್ತಕ್ಕೆ ಓಡಬೇಕಿಲ್ಲ. ನಾನೂ ಇಲ್ಲೇ ಇದ್ದೇನೆ, ಬಿಟ್ಟು ಹೋಗುವ ಯೋಚನೆಯೂ ಇಲ್ಲ. ಬರಬೇಡಿ ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ನಾವು ಕಳೆದುಕೊಂಡದ್ದನ್ನು ನೀವು ಕಳೆದುಕೊಳ್ಳಬಾರದು, ಅಷ್ಟೇ.

ಹೊಳೆಯ ಸ್ವಭಾವ

ನಾನು ತೀರ್ಥಹಳ್ಳಿಯವಳು. ತುಂಗೆ ಏರುವುದನ್ನು ನೋಡುತ್ತಾ ಬೆಳೆದವಳು. ಆಗುಂಬೆ ಕಡೆ ದಿನಗಟ್ಟಲೆ ಮಳೆ ಹಿಡಿಯುತ್ತದೆ, ನೀರಿನ ಬಣ್ಣ ಕೆಂಪಾಗುತ್ತದೆ, ಮೆಟ್ಟಿಲು ಒಂದೊಂದೇ ಮುಳುಗುತ್ತವೆ. ಅಷ್ಟರಲ್ಲಿ ಸಾಮಾನು ಅಟ್ಟಕ್ಕೆ ಹಾಕಲು ಹೊತ್ತು ಸಿಗುತ್ತದೆ. ಆ ಅನುಭವದ ಮೇಲೆ ಬಾಬುರಾವನ್ನು ಅಳೆದದ್ದೇ ನಾನು ಮಾಡಿದ ತಪ್ಪು.

ಬೇಸಿಗೆಯಲ್ಲಿ ಬಾಬುರಾ ಒಂದು ಸಣ್ಣ ಹಳ್ಳದಂತೆ ಕಾಣುತ್ತದೆ. ಆದರೆ ಅದರ ನೀರು ಬರುವುದು ತೆಂಕಣ ಗುಡ್ಡಗಾಡಿನಿಂದ. ಡೆಲಿಯೂ ಹಾಗೇ, ಸಿಬೊಲಾಂಗಿತ್ ಕಡೆಯ ಬೆಟ್ಟಗಳಿಂದ ಇಳಿದು ಬರುತ್ತದೆ. ಊರು ಇರುವುದು ಸಮುದ್ರಮಟ್ಟದಿಂದ 2.5ರಿಂದ 37.5 ಮೀಟರ್ ಎತ್ತರದಲ್ಲಿ, ಹೆಚ್ಚುಕಮ್ಮಿ ಸಪಾಟು ನೆಲದ ಮೇಲೆ. ಬೆಟ್ಟದಲ್ಲಿ ಸಂಜೆ ಜೋರು ಮಳೆ ಆದರೆ ನಿಮ್ಮ ಬೀದಿಯಲ್ಲಿ ಒಂದು ಹನಿ ಬೀಳದಿದ್ದರೂ ನಡುರಾತ್ರಿ ಹೊಳೆ ಉಕ್ಕುತ್ತದೆ. ಇದಕ್ಕೆ ಇಲ್ಲಿಯವರು 'ಬಾಂಜಿರ್ ಕಿರಿಮಾನ್' ಅನ್ನುತ್ತಾರೆ. 'ಕಳಿಸಿಕೊಟ್ಟ ನೆರೆ' ಎಂದು ಅರ್ಥ. ಬಂದಷ್ಟೇ ಬೇಗ ಇಳಿದೂ ಹೋಗುತ್ತದೆ. ಮನೆಯೊಳಗೆ ಉಳಿಯುವುದು ಗೋಡೆಯ ಮೇಲೊಂದು ಗೆರೆ ಮತ್ತು ಬೆರಳುದ್ದ ಕೆಸರು.

ನಮ್ಮ ಮೊದಲ ಮನೆ ಬಾಬುರಾಗೆ ಬೆನ್ನು ಹಾಕಿ ನಿಂತ ಚಂದದ ಮನೆ. ಎರಡು ವರ್ಷದ ಬಾಡಿಗೆ ಒಟ್ಟಿಗೆ ಕೊಟ್ಟಿದ್ದೆವು. ಎಂಟನೇ ವಾರಕ್ಕೆ ನೀರು ಮೊಣಕಾಲು ಮುಟ್ಟಿತು. ಫ್ರಿಜ್, ಹಾಸಿಗೆ, ಊರಿಂದ ತಂದ ಫೋಟೋ ಆಲ್ಬಮ್, ಎಲ್ಲ ಹೋದವು. ಮನೆ ಮಾಲೀಕರನ್ನು ಕೇಳಿದರೆ "ಇದು ಪ್ರತಿ ವರ್ಷ ಬರುವುದೇ ಅಲ್ವಾ?" ಅಂದರು. ದುಡ್ಡು ವಾಪಸ್ ಬರಲಿಲ್ಲ. ಕರಾರಿನಲ್ಲಿ ನೆರೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಬರೆಸಬೇಕೆಂದು ನಮಗೆ ಹೊಳೆದಿರಲೂ ಇಲ್ಲ.

2025ರ ನವೆಂಬರ್ ಕೊನೆಯದಂತೂ ಬೇರೆಯೇ ಮಟ್ಟದ ನೆರೆ. ಮಲಕ್ಕಾ ಜಲಸಂಧಿಯಲ್ಲಿ ಸೆನ್ಯಾರ್ ಚಂಡಮಾರುತ ಎದ್ದು ಅಚೆಹ್, ಉತ್ತರ ಸುಮಾತ್ರಾ, ಪಶ್ಚಿಮ ಸುಮಾತ್ರಾ ಮೂರೂ ಪ್ರಾಂತ್ಯಗಳನ್ನು ಹೊಡೆಯಿತು. ಸಾವಿರಕ್ಕೂ ಜಾಸ್ತಿ ಜನ ಪ್ರಾಣ ಕಳೆದುಕೊಂಡರು. ಸಾವು ಹೆಚ್ಚಾದದ್ದು ಗುಡ್ಡ ಕುಸಿದ ಜಿಲ್ಲೆಗಳಲ್ಲಿ. ಆದರೆ ಮೆಡಾನ್ ಊರೂ ನೀರಿನಲ್ಲಿ ನಿಂತಿತು. ಹಾಗಾಗಿ "ಇಲ್ಲಿಗೆ ಯಾವತ್ತೂ ನೀರು ಬಂದಿಲ್ಲ" ಎಂದು ಯಾರಾದರೂ ಹೇಳಿದರೆ, ಆ ವಾರ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿ. ಪಕ್ಕದ ಮನೆಯವರನ್ನೂ ಅದನ್ನೇ ಕೇಳಿ. ಎರಡು ಉತ್ತರ ಒಂದೇ ಆಗಿದ್ದರೆ ನಂಬಿ.

ಜನರನ್ನು ಕೇಳುವುದಕ್ಕೂ ಮುಂಚೆ ಬೀದಿಯನ್ನೇ ನೋಡಿ. ಮನೆಗಳ ಹೊಸ್ತಿಲು ರಸ್ತೆಗಿಂತ ಎಷ್ಟು ಎತ್ತರ ಇದೆ? ಬಾಗಿಲಿಗೆ ಅಡ್ಡವಾಗಿ ಸಿಮೆಂಟಿನ ಕಟ್ಟೆ ಕಟ್ಟಿದ್ದಾರಾ? ಪ್ಲಗ್ ಪಾಯಿಂಟುಗಳು ಸೊಂಟದ ಎತ್ತರದಲ್ಲಿವೆಯಾ? ಗೋಡೆಯ ಕೆಳಭಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದಾರಾ? ಬೀದಿಯ ಚರಂಡಿಗೆ ಇಲ್ಲಿ 'ಪಾರಿತ್' ಅನ್ನುತ್ತಾರೆ. ಅದರಲ್ಲಿ ಹೂಳು ತುಂಬಿದ್ದರೆ ಹೊಳೆ ಉಕ್ಕುವುದೇ ಬೇಡ, ಒಂದು ಗಂಟೆ ಮಳೆಗೇ ರಸ್ತೆ ತುಂಬುತ್ತದೆ. ಬೀದಿ ಮೂಲೆಯಲ್ಲಿ ಬೆತೋರ್ ನಿಲ್ಲಿಸಿಕೊಂಡ ಚಾಲಕರು ಇರುತ್ತಾರೆ. ಪಕ್ಕಕ್ಕೆ ಡಬ್ಬಿ ಜೋಡಿಸಿದ ಮೋಟಾರ್ ಸೈಕಲ್ ರಿಕ್ಷಾ ಅದು. ನೀರು ಬಂದಾಗ ಯಾವ ಗಲ್ಲಿಯಲ್ಲಿ ಗಾಡಿ ಕೆಡುತ್ತದೆ ಅಂತ ಅವರಿಗೆ ಬಾಯಿಪಾಠ.

ಆಮೇಲೆ ಕೆಪ್ಲಿಂಗ್ ಅವರನ್ನು ಕಾಣಿ. ಜಾವಾದಲ್ಲಿ ಬೀದಿಗೊಬ್ಬ ಆರ್‌ಟಿ ಮುಖ್ಯಸ್ಥ ಇರುವಂತೆ ಮೆಡಾನ್‌ನಲ್ಲಿ 'ಲಿಂಗ್ಕುಂಗಾನ್' ಅನ್ನುವ ವಠಾರಕ್ಕೊಬ್ಬ ಮುಖ್ಯಸ್ಥ ಇರುತ್ತಾರೆ. ಅವರೇ ಕೆಪ್ಲಿಂಗ್. ನೀವು ಬಂದಿರುವುದನ್ನು ಅವರಿಗೆ ತಿಳಿಸಲೇಬೇಕು, ಪಾಸ್‌ಪೋರ್ಟ್ ಮತ್ತು ಕಿತಾಸ್ ಪ್ರತಿ ಕೊಡಬೇಕು. ಕಿತಾಸ್ ಅಂದರೆ ವಾಸದ ಪರವಾನಗಿ. ಹೋಗುವಾಗ ಒಂದು ಡಬ್ಬಿ ಸಿಹಿ ತೆಗೆದುಕೊಂಡು ಹೋಗಿ. ನೆರೆ ಬಂದ ರಾತ್ರಿ ನಮ್ಮ ಬಾಗಿಲು ಬಡಿದು ಎಬ್ಬಿಸಿದವರು ಅವರೇ.

ಬಾಡಿಗೆ

ಇಲ್ಲಿ ಮನೆ ಬಾಡಿಗೆ ವರ್ಷದ ಲೆಕ್ಕ. ಇಡೀ ವರ್ಷದ್ದು ಮುಂಚೆಯೇ ಕೊಡಬೇಕು. ಎರಡು ವರ್ಷದ್ದು ಒಟ್ಟಿಗೆ ಕೊಟ್ಟರೆ ಸ್ವಲ್ಪ ಇಳಿಸುತ್ತೇವೆ ಅನ್ನುತ್ತಾರೆ. ಮೊದಲ ಮಳೆಗಾಲ ದಾಟುವ ತನಕ ಆ ಆಸೆಗೆ ಬೀಳಬೇಡಿ. ಒಬ್ಬರೇ ಬಂದಿದ್ದರೆ ಮೊದಲು 'ಕೋಸ್' ಹಿಡಿಯಿರಿ. ನಮ್ಮ ಪಿಜಿ ತರಹ, ತಿಂಗಳಿಗೆ ದುಡ್ಡು. ಪಾದಾಂಗ್ ಬುಲಾನ್‌ನಲ್ಲಿ ವಿದ್ಯಾರ್ಥಿಗಳು ಜಾಸ್ತಿ ಇರುವುದರಿಂದ ಕೋಸ್‌ಗೆ ಬರವಿಲ್ಲ. ಅಲ್ಲಿಂದ ಮೂರು ತಿಂಗಳು ಓಡಾಡಿ ನೋಡಿ, ಆಮೇಲೆ ಮನೆ ಮಾಡಿ.

ಕರಾರಿನಲ್ಲಿ ಮೂರು ವಿಷಯ ಬರೆಸಿ. ನೀರು ಒಳಗೆ ಬಂದು ಮನೆ ಇರಲಾಗದಂತೆ ಆದರೆ ಉಳಿದ ತಿಂಗಳ ಬಾಡಿಗೆ ವಾಪಸ್. ಮೋಟರ್, ವೈರಿಂಗ್ ರಿಪೇರಿ ಯಾರ ಖರ್ಚು ಅನ್ನುವುದು. ಮನೆ ಮಾರಿದರೂ ನಿಮ್ಮ ಅವಧಿ ಮುಗಿಯುವ ತನಕ ಎಬ್ಬಿಸುವಂತಿಲ್ಲ ಅನ್ನುವುದು. ಇದನ್ನು 'ನೋತಾರಿಸ್' ಮುಂದೆ ಮಾಡಿಸಿದರೆ ಖರ್ಚಾಗುತ್ತದೆ, ಆದರೆ ಮಾಡಿಸಿ. ಇಂಡೋನೇಷ್ಯಾದ ನೋತಾರಿಸ್ ನಮ್ಮಲ್ಲಿ ಕೋರ್ಟಿನ ಮುಂದೆ ಸೀಲು ಒತ್ತುವ ನೋಟರಿ ಅಲ್ಲ. ಪತ್ರ ಬರೆದುಕೊಡುವ, ಅದಕ್ಕೆ ಹೊಣೆ ಹೊರುವ ಸರ್ಕಾರ ನೇಮಿಸಿದ ಅಧಿಕಾರಿ.

ಕರೆಂಟಿಗೆ ಹೆಚ್ಚಿನ ಮನೆಗಳಲ್ಲಿ ಟೋಕನ್ ಮೀಟರ್. 20 ಅಂಕಿಯ ಸಂಖ್ಯೆ ಕೊಂಡು ಮೀಟರಿಗೆ ಒತ್ತಬೇಕು. ಮೀಟರ್ ಬೀಪ್ ಅನ್ನಲು ಶುರುವಾದರೆ ಮುಗಿಯುತ್ತಾ ಬಂತು ಅಂತ. ಹಸಿರು ಬಣ್ಣದ 3 ಕೆಜಿ ಗ್ಯಾಸ್ ಸಿಲಿಂಡರ್ ಬಡವರಿಗೆಂದು ಸರ್ಕಾರ ಸಹಾಯಧನ ಕೊಟ್ಟು ಇಟ್ಟದ್ದು. ಅಂಗಡಿಯವರು ಕೊಟ್ಟರೂ ತರಬೇಡಿ, 12 ಕೆಜಿಯದು ತನ್ನಿ. ಹೊಳೆ ಹತ್ತಿರ ಸೊಳ್ಳೆ ಜಾಸ್ತಿ, ಡೆಂಗಿ ವರ್ಷವಿಡೀ ಇರುತ್ತದೆ. ಜ್ವರ ಬಂದ ಎರಡನೇ ದಿನವೇ ರಕ್ತ ಪರೀಕ್ಷೆ ಮಾಡಿಸಿ, ಕಾಯಬೇಡಿ. ದೊಡ್ಡ ಚಿಕಿತ್ಸೆಗೆ ಇಲ್ಲಿಯ ಅನುಕೂಲಸ್ಥರು ಪೆನಾಂಗ್‌ಗೆ ಹಾರುತ್ತಾರೆ. ನಮ್ಮವರೂ ಈಗ ಹಾಗೇ ಮಾಡುತ್ತಾರೆ.

ಕೊಳ್ಳುವ ಮಾತು

ಎರಡು ವರ್ಷ ಕಳೆದು ಊರು ಹಿಡಿಸಿದ ಮೇಲೆ ಎಲ್ಲರ ತಲೆಯಲ್ಲೂ ಈ ಯೋಚನೆ ಬರುತ್ತದೆ. ಬಾಡಿಗೆಗೆ ಸುಮ್ನೆ ದುಡ್ಡು ಸುರಿಯುವ ಬದಲು ಕೊಂಡುಬಿಡೋಣ ಅಂತ. ದಯವಿಟ್ಟು ಈ ಭಾಗವನ್ನು ನಿಧಾನವಾಗಿ ಓದಿ.

ಮೊದಲು ಸೊನ್ನೆಗಳ ಲೆಕ್ಕ. 'ಜುತಾ' ಅಂದರೆ ಹತ್ತು ಲಕ್ಷ. 'ಮಿಲಿಯಾರ್' ಅಂದರೆ ನೂರು ಕೋಟಿ. ನಮ್ಮ ಒಂದು ರೂಪಾಯಿಗೆ ಇಲ್ಲಿಯ 180–190 ರುಪಿಯಾ ಆಸುಪಾಸು. ಅಂದರೆ ಒಂದು ಮಿಲಿಯಾರ್ ನಮ್ಮ ಲೆಕ್ಕದಲ್ಲಿ 53–56 ಲಕ್ಷ ರೂಪಾಯಿ. ಬೆಂಗಳೂರಿನ ಬೆಲೆಯ ಪಕ್ಕದಲ್ಲಿಟ್ಟರೆ ಅಗ್ಗ ಅನಿಸುತ್ತದೆ. ಆತುರ ಹುಟ್ಟುವುದೇ ಅಲ್ಲಿ.

ಇನ್ನು ಹಕ್ಕು. ನಮ್ಮ 'ಹಕ್ಕು' ಇಲ್ಲಿ 'ಹಾಕ್'. ನಮ್ಮ 'ಮಾಲೀಕ'ನ ನಂಟಿನ ಪದವೇ ಇಲ್ಲಿ 'ಮಿಲಿಕ್'. ಪೂರ್ತಿ ಒಡೆತನಕ್ಕೆ 'ಹಾಕ್ ಮಿಲಿಕ್' ಅನ್ನುತ್ತಾರೆ. 1960ರ ಭೂಕಾನೂನಿನ ಪ್ರಕಾರ ಅದು ಇಂಡೋನೇಷ್ಯಾ ಪ್ರಜೆಗಳಿಗೆ ಮಾತ್ರ. ವಿದೇಶಿಗೆ ಸಿಗುವುದು 'ಹಾಕ್ ಪಾಕಾಯ್', ಬಳಸುವ ಹಕ್ಕು. 2021ರ ನಿಯಮದಂತೆ ಮೊದಲು 30 ವರ್ಷ, ಆಮೇಲೆ 20 ವರ್ಷ ಮುಂದುವರಿಕೆ, ಮತ್ತೆ 30 ವರ್ಷ ನವೀಕರಣ. ಅದಕ್ಕೂ ವಾಸದ ಕಾಗದ ಸರಿ ಇರಬೇಕು. ಪ್ರಾಂತ್ಯಕ್ಕೆ ನಿಗದಿ ಮಾಡಿದ ಕನಿಷ್ಠ ಬೆಲೆಗಿಂತ ಕಡಿಮೆಯ ಮನೆಯನ್ನು ವಿದೇಶಿ ಕೊಳ್ಳುವಂತಿಲ್ಲ. ಜಕಾರ್ತದಲ್ಲಿ ಬಿಡಿ ಮನೆಗೆ ಅದು 5 ಮಿಲಿಯಾರ್. ಉತ್ತರ ಸುಮಾತ್ರಾದ ಈಗಿನ ಅಂಕಿಯನ್ನು ಭೂ ಕಚೇರಿಯಲ್ಲೇ ಕೇಳಿ, ದಲ್ಲಾಳಿ ಹೇಳಿದ್ದನ್ನು ಹಿಡಿಯಬೇಡಿ. ದೇಶ ಬಿಟ್ಟು ಹೋದರೆ ಒಂದು ವರ್ಷದೊಳಗೆ ಅರ್ಹರಾದವರಿಗೆ ಮಾರಬೇಕು ಅಥವಾ ವರ್ಗಾಯಿಸಬೇಕು.

ಇಷ್ಟು ಕೇಳಿದ ಕೂಡಲೇ ಯಾರೋ ಒಬ್ಬರು ದಾರಿ ಹೇಳಿಕೊಡುತ್ತಾರೆ. "ನನ್ನ ಹೆಸರಲ್ಲಿ ತಗೊಳ್ಳಿ, ಒಂದು ಸಾಲದ ಪತ್ರ ಮಾಡಿಕೊಳ್ಳೋಣ." ನಮ್ಮ ಭಾಷೆಯಲ್ಲಿ ಇದು ಬೇನಾಮಿ. ಅದೇ 1960ರ ಕಾನೂನಿನ 26ನೇ ವಿಧಿ ಇದರ ಬಗ್ಗೆ ಸ್ಪಷ್ಟವಾಗಿದೆ: ಹಾಕ್ ಮಿಲಿಕ್ ಜಾಗವನ್ನು ನೇರವಾಗಿಯೋ ಬಳಸುದಾರಿಯಲ್ಲೋ ವಿದೇಶಿಗೆ ದಾಟಿಸುವ ವ್ಯವಹಾರವೇ ಅಸಿಂಧು. ಜಾಗ ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ದುಡ್ಡನ್ನೂ ಕೇಳುವಂತಿಲ್ಲ. ನನಗೆ ಹತ್ತಿರದ ಒಂದು ಕುಟುಂಬ ಹೀಗೆ ಪರಿಚಯದವರ ಹೆಸರಲ್ಲಿ ಒಂದು 'ರುಕೋ' ಕೊಂಡಿತ್ತು. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡ. ಆರು ವರ್ಷ ಏನೂ ತೊಂದರೆ ಇರಲಿಲ್ಲ. ಹೆಸರು ಕೊಟ್ಟವರು ತೀರಿಕೊಂಡರು. ಅವರ ಮಕ್ಕಳು ಬಂದು ಬೀಗ ಹಾಕಿದರು. ಕೋರ್ಟಿಗೆ ಹೋಗಲು ಕೈಯಲ್ಲಿ ಕಾಗದವೇ ಇಲ್ಲ. ಆ ಮನೆಯ ಹೆಂಗಸು ನನ್ನ ಅಡುಗೆಮನೆಯಲ್ಲಿ ಕೂತು ಅತ್ತದ್ದು ಇನ್ನೂ ಕಣ್ಣ ಮುಂದಿದೆ.

ಇಲ್ಲಿಯವರನ್ನು ಮದುವೆ ಆಗಿರುವವರಿಗೆ ಒಂದು ಮಾತು. ಆಸ್ತಿ ಬೇರೆ ಬೇರೆ ಎಂಬ ಒಪ್ಪಂದ ಇಲ್ಲದಿದ್ದರೆ ನಿಮ್ಮ ಸಂಗಾತಿಗೂ ಹಾಕ್ ಮಿಲಿಕ್ ಕಷ್ಟ. ಯಾಕೆಂದರೆ ಮದುವೆಯ ನಂತರದ ಆಸ್ತಿ ಜಂಟಿ ಆಗಿಬಿಡುತ್ತದೆ. ಮೊದಲೆಲ್ಲ ಈ ಒಪ್ಪಂದವನ್ನು ಮದುವೆಗೆ ಮುಂಚೆಯೇ ಮಾಡಬೇಕಿತ್ತು. ಸಾಂವಿಧಾನಿಕ ನ್ಯಾಯಾಲಯದ 2015ರ ಪ್ರಕರಣದ ತೀರ್ಪಿನ ನಂತರ ಮದುವೆಯಾದ ಮೇಲೂ ಮಾಡಬಹುದು.

ಈಗ ಕಾಗದ. ಹೊಳೆ ದಂಡೆಯಲ್ಲಿ ನಿಮಗೆ ತೋರಿಸುವ ಜಾಗಕ್ಕೆ ಎಷ್ಟೋ ಸಲ 'ಸೆರ್ಟಿಫಿಕಾತ್', ಅಂದರೆ ಭೂ ಕಚೇರಿಯ ಹಕ್ಕುಪತ್ರ, ಇರುವುದೇ ಇಲ್ಲ. ಬದಲಿಗೆ 'ಎಸ್‌ಕೆ ಚಾಮಾತ್' ಇರುತ್ತದೆ. ತಾಲ್ಲೂಕು ಮಟ್ಟದ ಅಧಿಕಾರಿ ಕೊಟ್ಟ ಒಂದು ಹೇಳಿಕೆ ಪತ್ರ ಅದು. ಬೆಂಗಳೂರಿನವರಿಗೆ ಬಿ ಖಾತಾ ಅಂದರೆ ಚಟ್ಟನೆ ಅರ್ಥವಾಗುತ್ತದೆ. ಜನ ಕೊಳ್ಳುತ್ತಾರೆ, ಮಾರುತ್ತಾರೆ, ವಾಸವೂ ಮಾಡುತ್ತಾರೆ. ಆದರೆ ಭೂ ಕಚೇರಿಯಲ್ಲಿ ನೋಂದಣಿಯಾದ ಹಕ್ಕು ಅಲ್ಲ. ಕೆಲವೊಮ್ಮೆ 'ಗ್ರಾಂತ್ ಸುಲ್ತಾನ್' ಎಂಬ ಹಳೆಯ ಪತ್ರ ತೆಗೆದು ತೋರಿಸುತ್ತಾರೆ. ಡೆಲಿಯ ಸುಲ್ತಾನರು ಡಚ್ಚರ ಕಾಲದಲ್ಲಿ ಕೊಟ್ಟದ್ದು. ನೋಡಲು ಬಹಳ ಚೆನ್ನಾಗಿರುತ್ತದೆ. ಅದರ ಮೇಲೆ ನಡೆಯುವ ವ್ಯಾಜ್ಯಗಳೂ ಬಹಳ. ಊರಿನ ಹೊರಗೆ ಹೋದರೆ ಹಳೆಯ ಸರ್ಕಾರಿ ತೋಟಗಳ ಗುತ್ತಿಗೆ ಮುಗಿದ ಜಾಗವನ್ನು ತುಂಡು ಮಾಡಿ ಮಾರುತ್ತಾರೆ. ಅದರ ಹತ್ತಿರವೂ ಹೋಗಬೇಡಿ.

ಸೆರ್ಟಿಫಿಕಾತ್ ಇದ್ದರೂ ಭೂ ಕಚೇರಿ, ಅಂದರೆ ಬಿಪಿಎನ್‌ನಲ್ಲಿ ತಾಳೆ ನೋಡಿಸಬೇಕು. ಬಿಪಿಎನ್‌ನದೇ 'ಸೆಂತುಹ್ ತಾನಾಹ್‌ಕು' ಎಂಬ ಆ್ಯಪ್ ಇದೆ. ಜಾಗದ ಗಡಿ ಅದರ ನಕ್ಷೆಯಲ್ಲಿ ಕಾಣುತ್ತದಾ ನೋಡಿ. ಕ್ರಯಪತ್ರ ಮಾಡುವವರು 'ಪಿಪಿಎಟಿ' ಎಂಬ ಅಧಿಕಾರಿ. ನಿಮ್ಮ ಪಿಪಿಎಟಿಯನ್ನು ನೀವೇ ಆರಿಸಿ, ಮಾರುವವರು ಕರೆತಂದವರನ್ನು ಒಪ್ಪಬೇಡಿ. ಕೊಳ್ಳುವವರು ಶೇ 5ರಷ್ಟು ತೆರಿಗೆ ಕಟ್ಟಬೇಕು, ಅದರಲ್ಲಿ ಒಂದಷ್ಟು ಮೊತ್ತಕ್ಕೆ ವಿನಾಯಿತಿ ಇದೆ. ಮಾರುವವರದ್ದು ಶೇ 2.5. "ಎರಡನ್ನೂ ನೀವೇ ಕಟ್ಟಿ" ಅನ್ನುವ ಮಾತು ಕೊನೆ ಗಳಿಗೆಯಲ್ಲಿ ಬರುತ್ತದೆ, ಮುಂಚೆಯೇ ಮಾತಾಡಿಕೊಳ್ಳಿ. ಕಟ್ಟಡಕ್ಕೆ ಪರವಾನಗಿ ಇದೆಯಾ ಎಂದೂ ನೋಡಿ. ಹಳೆಯದಕ್ಕೆ ಐಎಂಬಿ, 2021ರಿಂದ ಈಚೆಯದಕ್ಕೆ ಪಿಬಿಜಿ.

ಹೊಳೆ ದಂಡೆಗೆಂದೇ ಇರುವ ನಿಯಮ ಒಂದಿದೆ. ಹೊಸಬರಿಗೆ ಯಾರೂ ಹೇಳದಿರುವುದೂ ಅದನ್ನೇ. 'ಸೆಂಪಾದಾನ್ ಸುಂಗಾಯ್', ಹೊಳೆಯ ಅಂಚಿನ ಪಟ್ಟಿ. ನಮ್ಮಲ್ಲಿ ರಾಜಕಾಲುವೆಗೆ ಬಫರ್ ಇದೆಯಲ್ಲ, ಅದೇ ಯೋಚನೆ. 2011ರ ನಿಯಮದಂತೆ ಊರೊಳಗೆ ಏರಿ ಕಟ್ಟಿದ ಹೊಳೆಗೆ ಏರಿಯ ಹೊರಬುಡದಿಂದ ಕನಿಷ್ಠ 3 ಮೀಟರ್ ಬಿಡಬೇಕು. ಏರಿ ಇಲ್ಲದಿದ್ದರೆ ಹೊಳೆಯ ಆಳ 3 ಮೀಟರ್ ತನಕ ಇದ್ದಾಗ ದಂಡೆಯಿಂದ 10 ಮೀಟರ್, 3ರಿಂದ 20 ಮೀಟರ್ ಆಳಕ್ಕೆ 15 ಮೀಟರ್, ಅದಕ್ಕೂ ಆಳಕ್ಕೆ 30 ಮೀಟರ್. ಆ ಪಟ್ಟಿಯೊಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಈಗಾಗಲೇ ಕಟ್ಟಿರುವುದನ್ನು ಹೊಳೆ ಅಗಲ ಮಾಡುವಾಗ ತೆಗೆಯಬಹುದು. ಪ್ರತಿ ದೊಡ್ಡ ನೆರೆಯ ನಂತರ ಹೊಳೆ ಅಗಲ ಮಾಡುವ ಮಾತು ಏಳುತ್ತದೆ, ಏಳಲೇಬೇಕು ಕೂಡ. ಹಾಗಾಗಿ ಟೇಪು ಹಿಡಿದು ದಂಡೆಯಿಂದ ಗೋಡೆಯವರೆಗೆ ನೀವೇ ಅಳೆಯಿರಿ. ನಾನು ಇದನ್ನು ಮೂರು ಕುಟುಂಬಗಳ ಜೊತೆ ಹೋಗಿ ಮಾಡಿದ್ದೇನೆ. ಎರಡು ಮನೆ 10 ಮೀಟರ್ ಒಳಗೇ ಇದ್ದವು.

ಕಾಂಪುಂಗ್ ಔರ್‌ನಂಥ ಹಳೆಯ ದಂಡೆ ಕೇರಿಗಳ ಬಗ್ಗೆ ಒಂದು ಮಾತು ಹೇಳಬೇಕು. ಡೆಲಿ ದಂಡೆಯಲ್ಲಿ ಮಿನಾಂಗ್ ಜನ ತಲೆಮಾರುಗಳಿಂದ ಬದುಕುತ್ತಿದ್ದಾರೆ. ನೀರು ಬಂದರೆ ಮೇಲಿನ ಅಟ್ಟಕ್ಕೆ ಹೋಗುತ್ತಾರೆ, ಇಳಿದ ಮೇಲೆ ತೊಳೆದು ಮತ್ತೆ ಬಾಗಿಲು ತೆಗೆಯುತ್ತಾರೆ. ಅದು ಅವರ ಮನೆ. ಅಲ್ಲಿಗೆ ಹೋಗಿ "ಅಗ್ಗಕ್ಕೆ ಸಿಗುತ್ತಾ" ಎಂದು ಕೇಳುವುದು ನನಗೆ ಸರಿ ಕಾಣುವುದಿಲ್ಲ. ಎತ್ತಂಗಡಿಯ ಭಯದಲ್ಲಿರುವವರಿಂದ ಜಾಗ ಕೊಂಡು ಲಾಭ ಎಣಿಸುವುದು ನಮಗೆ ಬೇಡ.

ಹಾಗಾದರೆ ದುಡ್ಡನ್ನು ಏನು ಮಾಡುವುದು?

"ಒಂದು ಇಡ್ಲಿ ಹೋಟೆಲ್ ಹಾಕೋಣ ಅಂತಿದ್ದೀವಿ" ಅನ್ನುವವರು ವರ್ಷಕ್ಕೊಬ್ಬರಾದರೂ ಸಿಗುತ್ತಾರೆ. ಆಸೆ ಒಳ್ಳೆಯದೇ. ಆದರೆ ರುಕೋ ಬಾಡಿಗೆಗೆ ಹಿಡಿದು ಶಟರ್ ಎತ್ತಿದರೆ ಆಗುವುದಿಲ್ಲ. ವಿದೇಶಿಯರ ವ್ಯಾಪಾರಕ್ಕೆ 'ಪಿಟಿ ಪಿಎಂಎ' ಎಂಬ ಕಂಪನಿ ಬೇಕು. ಅದರ ಹೂಡಿಕೆ ಯೋಜನೆ ಜಾಗ ಮತ್ತು ಕಟ್ಟಡ ಬಿಟ್ಟು 10 ಮಿಲಿಯಾರ್‌ಗಿಂತ ಜಾಸ್ತಿ ಇರಬೇಕು. ಸಣ್ಣ ವ್ಯಾಪಾರವನ್ನು ಸರ್ಕಾರ ಇಲ್ಲಿಯವರಿಗೇ ಉಳಿಸಿದೆ. ಕೆಲಸದ ಕಿತಾಸ್ ಮೇಲೆ ಬಂದವರು ಕಂಪನಿಯ ಕೆಲಸ ಬಿಟ್ಟು ಬೇರೆ ದುಡಿಮೆ ಮಾಡಿದರೆ ಗಡೀಪಾರು ಆಗುವ ಅಪಾಯವೂ ಇದೆ.

ಸಾಮಾನ್ಯ ಜನರಿಗೆಂದು ಸರ್ಕಾರ ಮಾರುವ ಬಾಂಡ್‌ಗಳು ಇಂಡೋನೇಷ್ಯಾ ಪ್ರಜೆಗಳಿಗೆ ಮಾತ್ರ. ನಾವು ಮಾಡಿದ್ದು ಸಾದಾ ದಾರಿ. ಎರಡು ಬ್ಯಾಂಕುಗಳಲ್ಲಿ ಹಂಚಿ ಠೇವಣಿ ಇಟ್ಟೆವು. ಠೇವಣಿ ವಿಮೆಯ ಸರ್ಕಾರಿ ಸಂಸ್ಥೆ ಎಲ್‌ಪಿಎಸ್, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 2 ಮಿಲಿಯಾರ್ ತನಕ ಭರವಸೆ ಕೊಡುತ್ತದೆ. ಆದರೆ ಬ್ಯಾಂಕ್ ಕೊಡುವ ಬಡ್ಡಿ ಎಲ್‌ಪಿಎಸ್ ನಿಗದಿ ಮಾಡಿದ ದರಕ್ಕಿಂತ ಜಾಸ್ತಿ ಇದ್ದರೆ ಆ ಭರವಸೆ ಇಲ್ಲ. ಜಾಸ್ತಿ ಬಡ್ಡಿ ಅಂದ ಕಡೆ ಓಡುವ ಮುಂಚೆ ಇದು ನೆನಪಿರಲಿ. ಬಡ್ಡಿಯ ಮೇಲೆ ಶೇ 20 ತೆರಿಗೆ ಬ್ಯಾಂಕಿನಲ್ಲೇ ಕಡಿತವಾಗುತ್ತದೆ. ಅದಾದ ಮೇಲೂ ನಮಗೆ ನಿದ್ದೆ ಚೆನ್ನಾಗಿ ಬರುತ್ತದೆ. ಹೊಳೆ ದಂಡೆಯಲ್ಲಿ ಬಾಡಿಗೆಗೆ ಇರಿ, ದುಡ್ಡನ್ನು ಕೈಗೆ ಸಿಗುವ ಕಡೆ ಇಡಿ. ನನ್ನ ಅಭಿಪ್ರಾಯ ಇಷ್ಟೇ.

12 ತಿಂಗಳಲ್ಲಿ 183 ದಿನಕ್ಕಿಂತ ಹೆಚ್ಚು ಇಲ್ಲಿದ್ದರೆ ನೀವು ಇಲ್ಲಿಯ ತೆರಿಗೆದಾರರು. ಊರಿನ ಬಾಡಿಗೆ, ಬಡ್ಡಿ ಎಲ್ಲದರ ಲೆಕ್ಕ ತೆರಿಗೆ ಸಲಹೆಗಾರರಿಗೆ ಮುಚ್ಚಿಡದೆ ಹೇಳಿ. ಎರಡೂ ದೇಶಗಳ ನಡುವೆ ಎರಡು ಸಲ ತೆರಿಗೆ ಬೀಳದಂತೆ ಒಪ್ಪಂದ ಇದೆ. ಊರಿಂದ ಅಪ್ಪ ಅಮ್ಮ ದುಡ್ಡು ಕಳಿಸುವುದಾದರೆ ಭಾರತದ ಮಿತಿ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್.

ಮಾತು, ಊಟ, ನೆರೆಹೊರೆ

ಬರುವ ಮುಂಚೆ ಆ್ಯಪ್‌ನಲ್ಲಿ ಇಂಡೋನೇಷ್ಯಾ ಭಾಷೆ ಕಲಿತು ಬಂದವರೂ ಮೆಡಾನ್‌ನಲ್ಲಿ ತಬ್ಬಿಬ್ಬಾಗುತ್ತಾರೆ. ಬೇರೆ ಕಡೆ 'ಪಾಜಾಕ್' ಅಂದರೆ ತೆರಿಗೆ. ಇಲ್ಲಿಯವರ ಬಾಯಲ್ಲಿ ಅದು ಮಾರುಕಟ್ಟೆ. ಮಾರುಕಟ್ಟೆ ಅಂದುಕೊಂಡ 'ಪಾಸಾರ್' ಇಲ್ಲಿ ರಸ್ತೆ. 'ಕೆರೆತಾ' ರೈಲಲ್ಲ, ಮೋಟಾರ್ ಸೈಕಲ್. 'ಮೋತೋರ್' ಅಂದರೆ ಕಾರು. 'ಗಾಲೋನ್' ಅಂದರೆ ಕುಡಿಯುವ ನೀರಿನ ಕ್ಯಾನೂ ಹೌದು, ಪೆಟ್ರೋಲ್ ಬಂಕೂ ಹೌದು. ಮೆಡಾನ್‌ನವರು ದನಿ ಎತ್ತಿ ಮಾತಾಡುತ್ತಾರೆ. ಜಗಳ ಅಂದುಕೊಳ್ಳಬೇಡಿ, ಅದು ಇಲ್ಲಿಯ ಸಹಜ ದನಿ. ನಮಗೆ ಸುಲಭವಾದ ಪದಗಳೂ ಬೇಕಾದಷ್ಟಿವೆ. ಭಾಷೆ 'ಬಹಾಸಾ', ಭೂಮಿ 'ಬೂಮಿ', ಬೆಲೆಗೆ 'ಹಾರ್ಗಾ', ಅದು ನಮ್ಮ 'ಅರ್ಘ'. ಗಂಡನಿಗೆ 'ಸುವಾಮಿ', ಹೆಂಡತಿಗೆ 'ಇಸ್ತ್ರಿ'. ಗಂಡಸರಿಗೆ 'ಬಾಂಗ್' ಅಥವಾ 'ಪಾಕ್', ಹೆಂಗಸರಿಗೆ 'ಕಾಕ್' ಅಥವಾ 'ಬೂ' ಸೇರಿಸಿಯೇ ಮಾತಾಡಿಸಿ. ಬರೀ ಹೆಸರು ಹಿಡಿದು ಕರೆದರೆ ಮುಖ ಬಾಡುತ್ತದೆ. ಕಾಂಪುಂಗ್ ಮದ್ರಾಸ್‌ನಲ್ಲಿ ತಮಿಳಿನ ಅಕ್ಕ, ಅಣ್ಣ ನಡೆಯುತ್ತದೆ. ಅಲ್ಲಿ ಹುಟ್ಟಿ ಬೆಳೆದ ಹುಡುಗರಿಗೆ ತಮಿಳು ಬರುವುದು ಕಮ್ಮಿ. ಹಿರಿಯರಿಗೆ ಬರುತ್ತದೆ, ನೀವು ಆಡಿದರೆ ಅವರ ಮುಖ ಅರಳುತ್ತದೆ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಈ ಊರಲ್ಲಿ ಚೀನೀ ಬೌದ್ಧರು ಬಹಳ ಇದ್ದಾರೆ. ಅವರ ಸಸ್ಯಾಹಾರಿ ಹೋಟೆಲುಗಳು 'ವೆಗೆತಾರಿಯಾನ್' ಅನ್ನುವ ಫಲಕ ಹಾಕಿಕೊಂಡಿರುತ್ತವೆ. ಬೇರೆ ಹೋಟೆಲಿನಲ್ಲಿ ಮಾಂಸ ಬೇಡ ಅಂದರೆ ಸಾಲದು. ಮೀನು ಬೇಡ, ಸಿಗಡಿ ಬೇಡ, 'ತೆರಾಸಿ' ಬೇಡ ಅಂತ ಬಿಡಿಸಿ ಹೇಳಿ. ತೆರಾಸಿ ಅಂದರೆ ಸಿಗಡಿ ಅರೆದ ಗಟ್ಟಿ, ಚಟ್ನಿಯಲ್ಲೂ ಇರುತ್ತದೆ. ಪಾಜಾಕ್‌ನಲ್ಲಿ ಕಾಯಿ ತುರಿದೇ ಕೊಡುತ್ತಾರೆ, ಬಾಳೆಲೆ ಕಟ್ಟುಗಟ್ಟಲೆ ಸಿಗುತ್ತದೆ. ಊರಿಂದ ತರಬೇಕಾದದ್ದು ಬ್ಯಾಡಗಿ ಮೆಣಸಿನಕಾಯಿ ಪುಡಿ, ಸಾರಿನ ಪುಡಿ, ರಾಗಿ ಹಿಟ್ಟು. ಪುಡಿ ಮಾಡಿ ಪ್ಯಾಕ್ ಮಾಡಿದ್ದನ್ನೇ ತನ್ನಿ. ಬೀಜ, ಗಿಡ, ಹಸಿ ಸೊಪ್ಪು ಬೇಡ, ಕ್ವಾರಂಟೈನ್‌ನವರು ತೆಗೆದಿಟ್ಟುಕೊಳ್ಳುತ್ತಾರೆ.

ಕನ್ನಡದ ಮನೆಗಳು ಇಲ್ಲಿ ಬೆರಳೆಣಿಕೆಯಷ್ಟೇ. ಯುಗಾದಿಗೆ ಯಾರದೋ ಮನೆಯಲ್ಲಿ ಒಬ್ಬಟ್ಟು, ನವೆಂಬರ್ ಒಂದಕ್ಕೆ ಇನ್ನೊಬ್ಬರ ಮನೆಯಲ್ಲಿ ಊಟ. ಮಳೆಗಾಲದಲ್ಲಿ ನಮ್ಮ ಗುಂಪಿನಲ್ಲಿ ಓಡಾಡುವುದು ಹೊಳೆಯ ಫೋಟೋಗಳೇ. ಸೇತುವೆಯ ಕಂಬದ ಎಷ್ಟನೇ ಗೆರೆಗೆ ನೀರು ಬಂದಿದೆ ಅಂತ ಅಲ್ಲಿ ಹತ್ತಿರ ಇರುವವರು ಹಾಕುತ್ತಾರೆ. ಅದನ್ನು ನೋಡಿ ಉಳಿದವರು ಕಾರು ಎತ್ತರದ ರಸ್ತೆಗೆ ತೆಗೆಯುತ್ತಾರೆ.

ನೀವು ಬಂದ ಮೇಲೆ ಮನೆ ಗೊತ್ತು ಮಾಡುವ ಮುಂಚೆ ಒಂದು ಶನಿವಾರ ಬೆಳಿಗ್ಗೆ ಗುಡಿಯ ಹತ್ತಿರ ಬನ್ನಿ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಇನ್ನೂ ಒಳ್ಳೆಯದು. ಕಾಲಿಗೆ ಹಳೆ ಚಪ್ಪಲಿ ಇರಲಿ. ಟೇಪು ನಾನು ತರುತ್ತೇನೆ. ಬಾಬುರಾ ದಂಡೆ ಹಿಡಿದು ಡೆಲಿ ಸೇರುವ ತನಕ ನಡೆಯೋಣ. ನೀವು ನೋಡಿಟ್ಟ ಮನೆ ದಾರಿಯಲ್ಲೇ ಇದ್ದರೆ ಹಿಂದಿನ ಗೋಡೆಯಿಂದ ಅಳೆಯಲು ಶುರುಮಾಡೋಣ.